ಗ್ರಾವೆಲ್ ಬೈಕಿಗೆ ಎಷ್ಟು ದುಡ್ಡು ಹಾಕಬೇಕು?

ಪ್ರಶ್ನೆ: ಸರ್, ಮೊದಲ ಸಲ ಗ್ರಾವೆಲ್ ಬೈಕ್ (ಡಾಂಬರಿಗೂ ಮಣ್ಣುದಾರಿಗೂ ಆಗೋ ಸೈಕಲ್) ತಗೊಳ್ತಿದ್ದೀನಿ. ದಿನಾ ಡಾಂಬರು ರಸ್ತೆ, ರಜೆ ಸಿಕ್ಕರೆ ಮಣ್ಣುದಾರಿ. ಕಣ್ಣಿಗೆ ಬಿದ್ದಿರೋ ಕಾರ್ಬನ್ ಫ್ರೇಮಿನ ಬೈಕಿನ ಬೆಲೆ ಅಲ್ಯೂಮಿನಿಯಂನ ಎರಡರಷ್ಟಿದೆ. ಸಾಲ ಮಾಡಿಯಾದರೂ ಅದನ್ನೇ ತಗೊಳ್ಳಲಾ?

ಉತ್ತರ (ಸೈಕಲ್ ಮೆಕ್ಯಾನಿಕ್): ದಯವಿಟ್ಟು ಸಾಲ ಮಾಡಬೇಡಿ. ಆಮೇಲೆ ಬದಲಿಸೋಕೆ ಆಗದೇ ಇರೋದಕ್ಕೆ ಈಗ ದುಡ್ಡು ಹಾಕಿ, ಉಳಿದದ್ದು ಕಾಯಬಹುದು. ಫ್ರೇಮ್ ನಿಮ್ಮ ಮೈಕಟ್ಟಿಗೆ ಸರಿಯಾದ ಸೈಜಿನದ್ದಾಗಿರಲಿ. ಕನಿಷ್ಠ 40 ಎಂಎಂ ಅಗಲದ ಟೈರ್ ಹಿಡಿಯೋಷ್ಟು ಜಾಗ ಇರಲಿ, ಎರಡೂ ಚಕ್ರಕ್ಕೆ 12 ಎಂಎಂ ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಫ್ರೇಮಿಗೆ ಬಿಗಿಯೋ ದಪ್ಪ ಅಚ್ಚು) ಇರಲಿ. ಇಷ್ಟಿದ್ದರೆ ಅಲ್ಯೂಮಿನಿಯಂ ಧಾರಾಳ ಸಾಕು.

ಬ್ರೇಕಿನಲ್ಲಿ ಮಾತ್ರ ಚೌಕಾಸಿ ಬೇಡ. ಗ್ರಾವೆಲ್ ಬೈಕಿನಲ್ಲಿ ಗೇರ್ ಹಾಕೋದೂ ಬ್ರೇಕ್ ಹಿಡಿಯೋದೂ ಒಂದೇ ಲಿವರ್‌ನಲ್ಲಿ. ಈಗ ಕೇಬಲ್ ಬ್ರೇಕ್ ತಗೊಂಡು ಆಮೇಲೆ ಪೂರ್ತಿ ಹೈಡ್ರಾಲಿಕ್‌ಗೆ (ಕೇಬಲ್ ಬದಲು ದ್ರವದ ಒತ್ತಡದಲ್ಲಿ ಹಿಡಿಯೋ ಬ್ರೇಕ್) ಹೋಗಬೇಕಂದ್ರೆ ಎರಡು ಲಿವರ್, ಡಿಸ್ಕನ್ನ ಹಿಡಿಯೋ ಎರಡು ಕ್ಯಾಲಿಪರ್, ದ್ರವ ಹರಿಯೋ ಹೋಸ್ ಎಲ್ಲಾ ಹೊಸದಾಗಬೇಕು. ಉದ್ದದ ಇಳಿಜಾರಿನಲ್ಲಿ ಬೆರಳು ಸೋಲೋದು ಕೇಬಲ್ ಬ್ರೇಕಿನಲ್ಲೇ ಹೆಚ್ಚು. ಹಾಗಾಗಿ ಹೈಡ್ರಾಲಿಕ್ ಬ್ರೇಕ್ ಇರೋ ಅಲ್ಯೂಮಿನಿಯಂ ಬೈಕ್ ಎಷ್ಟಕ್ಕೆ ಸಿಗುತ್ತೋ, ನಿಮ್ಮ ಬಜೆಟ್ ಅಷ್ಟಕ್ಕೆ ನಿಲ್ಲಲಿ. ಅದರ ಮೇಲೆ ಹಾಕೋ ದುಡ್ಡು ಹೆಚ್ಚಾಗಿ ತೂಕ ಇಳಿಸೋಕೇ ಹೋಗುತ್ತೆ.

ಪ್ರಶ್ನೆ: ಗೇರ್ ಎಂಥದ್ದಿರಬೇಕು ಸರ್? ಗ್ರಾವೆಲ್ ಬೈಕಿಗೆಂದೇ ಮಾಡಿದ ಶಿಮಾನೊ ಜಿಆರ್‌ಎಕ್ಸ್ ಗೇರ್ ಸೆಟ್ ಇರಲೇಬೇಕು ಅಂತಾರೆ.

ಉತ್ತರ: ಹೆಸರಿಗಿಂತ ಹಲ್ಲಿನ ಲೆಕ್ಕ ನೋಡಿ. ಮುಂದೆ ಪೆಡಲ್ ಹತ್ತಿರ ಇರೋ ಚಿಕ್ಕ ಚೈನ್‌ರಿಂಗಿನಷ್ಟೇ (ಹಲ್ಲುಚಕ್ರ) ಅಥವಾ ಅದಕ್ಕಿಂತ ಹೆಚ್ಚು ಹಲ್ಲು ಹಿಂದಿನ ದೊಡ್ಡ ಹಲ್ಲುಚಕ್ರಕ್ಕಿರಲಿ. ಮುಂದೆ 40, ಹಿಂದೆ 42 ಇದ್ದರೆ ಜಲ್ಲಿ ಏರಿನಲ್ಲೂ ಕೂತೇ ತುಳಿಯಬಹುದು. ಎಲೆಕ್ಟ್ರಾನಿಕ್ ಗೇರ್ ಮೊದಲ ಬೈಕಿಗೆ ಬೇಡ.

ಉಳಿಸಿದ ದುಡ್ಡಲ್ಲಿ ಟೈರ್ ಬದಲಿಸಿ. ಕಡಿಮೆ ಬೆಲೆಯ ಬೈಕಿನ ಜೊತೆ ಬರೋ ಟೈರ್ ಸಾಮಾನ್ಯವಾಗಿ ಭಾರ, ಗಡುಸು. ಒಳ್ಳೆ ಟ್ಯೂಬ್‌ಲೆಸ್ ಟೈರ್ ಹಾಕಿ, ಒಳಗೆ ಸೀಲಂಟ್ (ತೂತು ಮುಚ್ಚೋ ದ್ರವ) ಹಾಕಿ, ಗಾಳಿ ಸ್ವಲ್ಪ ಇಳಿಸಿ ಓಡಿಸಿ ನೋಡಿ, ಬೈಕೇ ಬೇರೆ ಅನ್ಸುತ್ತೆ. ಸಣ್ಣ ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತೆ. ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಹೆಲ್ಮೆಟ್, ಪಂಪ್, ಮೊದಲ ಸರ್ವಿಸ್ ಖರ್ಚನ್ನೂ ಬೈಕಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.

ಇನ್ನೊಬ್ಬರ ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೋಬಹುದಾ ಸರ್?

ಉತ್ತರ: ಅಲ್ಯೂಮಿನಿಯಂ ಆದರೆ ಖಂಡಿತ. ವೆಲ್ಡಿಂಗ್ ಹತ್ತಿರ ಬಿರುಕಿದೆಯಾ ಬೆಳಕಲ್ಲಿ ನೋಡಿ. ಚೈನ್ ಅಳೆಯಿಸಿ, ತುಂಬಾ ಹಿಗ್ಗಿದ್ದರೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗುಂಪು) ಸವೆದಿರೋ ಸಾಧ್ಯತೆ ಹೆಚ್ಚು. ಶಿಮಾನೊ ಬ್ರೇಕ್ ಡಿಸ್ಕ್ ಹೊಸದಿದ್ದಾಗ 1.8 ಎಂಎಂ ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ಆ ಖರ್ಚನ್ನೆಲ್ಲ ಹೇಳಿದ ಬೆಲೆಯಿಂದ ಕಳೆದು ಮಾತಾಡಿ. ಕಾರ್ಬನ್ ಆದರೆ ಮುಂದಿನ ಚಕ್ರ ಹಿಡಿಯೋ ಫೋರ್ಕ್ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ.