ಅಪ್‌ಡೇಟ್: ಹೆಣ್ಣುಕುದುರೆಯ ಬೆನ್ನಿನ ಬಿಗಿತಕ್ಕೆ ಕ್ಯಾರೆಟ್ ವ್ಯಾಯಾಮ

ಕುಣಿಗಲ್ ಬಳಿಯ ನಮ್ಮ ತೋಟದಲ್ಲಿರುವ ಹೆಣ್ಣುಕುದುರೆಯು ಎಡಕ್ಕೆ ತಿರುಗುವಾಗ ಕುತ್ತಿಗೆ, ಬೆನ್ನುಗಳನ್ನು ಬಿಗಿಹಿಡಿಯುತ್ತದೆ, ಯಾವ ವ್ಯಾಯಾಮ ಮಾಡಿಸಬಹುದು ಎಂದು ಕೇಳಿದ್ದೆ. ನಿಮ್ಮಲ್ಲಿ ಹಲವರು ಹೇಳಿದಂತೆ ಮೊದಲು ಪಶುವೈದ್ಯರಿಂದ ಹಲ್ಲು, ಗೊರಸು, ಬೆನ್ನುಗಳ ಪರೀಕ್ಷೆ ಮಾಡಿಸಿ, ನೋವಿಗೆ ಬೇರೆ ಕಾರಣವಿಲ್ಲವೆಂದು ಖಚಿತವಾದ ಮೇಲೆಯೇ ಆರಂಭಿಸಿದೆ.

ಸ್ವಲ್ಪ ಹೊತ್ತು ನಡೆಸಿ ಮೈ ಬೆಚ್ಚಗಾದ ಬಳಿಕ, ಸಮತಟ್ಟಾದ ನೆಲದಲ್ಲಿ ನಾಲ್ಕೂ ಕಾಲುಗಳ ಮೇಲೆ ಸಮವಾಗಿ ನಿಲ್ಲಿಸಿ, ಕ್ಯಾರೆಟ್ ತೋರಿಸುತ್ತ ಅದರ ಗದ್ದವನ್ನು ಎದೆಗೆ, ಮುಂಗಾಲಿನ ಮಂಡಿಗಳ ನಡುವಿಗೆ, ಅಲ್ಲಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ಇಳಿಸುತ್ತೇನೆ; ಅನಂತರ ಎರಡೂ ಪಕ್ಕಗಳಲ್ಲಿ ಜೀನಿನ ಪಟ್ಟಿ ಬರುವ ಜಾಗಕ್ಕೆ ಮತ್ತು ಸೊಂಟದ ಕಡೆಗೆ ತಿರುಗಿಸುತ್ತೇನೆ. ಪ್ರತಿ ಭಂಗಿಯಲ್ಲೂ ಸುಮಾರು 5 ಸೆಕೆಂಡು ತಡೆಯುವುದೇ ಮುಖ್ಯ, ಏಕೆಂದರೆ ಕ್ಯಾರೆಟ್ ಕಚ್ಚಿ ಥಟ್ಟನೆ ತಲೆ ಎತ್ತಿಬಿಟ್ಟರೆ ಸ್ನಾಯುಗಳಿಗೆ ಕೆಲಸವೇ ಸಿಗುವುದಿಲ್ಲ. ವಾರಕ್ಕೆ 5 ದಿನದಂತೆ 3 ತಿಂಗಳು ಹೀಗೆ ಮಾಡಿಸಿದಾಗ ಬೆನ್ನುಮೂಳೆಗೆ ಆಸರೆಯಾದ ಮಲ್ಟಿಫಿಡಸ್ ಸ್ನಾಯು ದಪ್ಪವಾಗುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಾನೂ ಅದೇ ಕ್ರಮವನ್ನು ಅನುಸರಿಸುತ್ತಿದ್ದೇನೆ.

ಎದೆಮೂಳೆಯ ನಡುಗೆರೆಯನ್ನು ಬೆರಳುಗಳಿಂದ ಮೇಲಕ್ಕೊತ್ತಿ ಬೆನ್ನು ಎತ್ತಿಸುವ ವ್ಯಾಯಾಮ ಮಾತ್ರ ಅದಕ್ಕೆ ಇನ್ನೂ ಹಿಡಿಸಿಲ್ಲ. ಕಿವಿ ಹಿಂದಕ್ಕೆ ಮಡಚಿದೊಡನೆ ನಿಲ್ಲಿಸುತ್ತೇನೆ. ಒದೆಯುವ ಕುದುರೆಯಾದರೆ ಇದನ್ನು ಒಬ್ಬರೇ ಮಾಡಿಸಬೇಡಿ.

ಈಗ ಅದು ಎಡ ಸೊಂಟದವರೆಗೂ ಮೂತಿ ಚಾಚುತ್ತದೆ, ಸುತ್ತು ನಡೆಸುವಾಗ ಎಡಬಲಗಳ ವ್ಯತ್ಯಾಸವೂ ಬಹಳ ಕಡಿಮೆಯಾಗಿದೆ. ಮುಂದೆ ನೆಲದ ಮೇಲೆ ಮರದ ಗಳಗಳನ್ನಿಟ್ಟು ನಿಧಾನವಾಗಿ ದಾಟಿಸುವುದನ್ನೂ ಸೇರಿಸಲಿದ್ದೇನೆ.