ಈ ತಿಂಗ್ಳು ನಿಮ್ಮ ತಲೇಲಿ ಕೂತಿದ್ದು ಎಂತ? ಸಿನಿಮಾ, ಬಟ್ಟೆ, ಡಿಸೈನ್, ಓದು ಯಾವ್ದಾದ್ರೂ ಸರಿ

ತುಂಗೆದಂಡೆ, ತೀರ್ಥಹಳ್ಳಿ:
ಭೂಮಿ ಹುಣ್ಣಿಮೆ ಆಯ್ತು, ಇನ್ನು ಅಡಿಕೆ ಕೊಯ್ಲು ಜೋರಾದ್ರೆ ಯಾರೂ ಕೈಗೆ ಸಿಗಲ್ಲ, ಅದಕ್ಕೆ ಈಗ್ಲೇ ಕೇಳ್ತಿದೀನಿ. ನಂದು ಮೊದ್ಲು ಹೇಳ್ಬಿಡ್ತೀನಿ. ಸಾಗರದ ಕಡೆ ನೆಂಟರ ಮನೇಲಿ ಭೂಮಣ್ಣಿ ಬುಟ್ಟಿ ನೋಡ್ದೆ, ಹುಣ್ಣಿಮೆ ದಿನ ಗದ್ದೆಗೆ ಎಡೆ ಒಯ್ಯೋ ಚಿತ್ತಾರದ ಬುಟ್ಟಿ. ಕೆಮ್ಮಣ್ಣು ಬಳಿದ ಬುಟ್ಟಿ, ಅದ್ರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಕುಂಚ ಅಂದ್ರೆ ಪುಂಡಿ ನಾರು ಅಷ್ಟೇ, ಸ್ಕೇಲಿಲ್ಲ ಪೆನ್ಸಿಲ್ಲಿಲ್ಲ, ಆದ್ರೂ ಅಷ್ಟು ಒತ್ತೊತ್ತಾಗಿ ಎಳೆದ ಗೆರೆಗಳು ಒಂದಕ್ಕೊಂದು ತಾಗಿಲ್ಲ ಮಾರಾಯ್ರೆ! ನಾನು ದಿನಾ ಲ್ಯಾಪ್‌ಟಾಪಲ್ಲಿ ಗ್ರಿಡ್ ಹಾಕ್ಕೊಂಡು ಕೂರೋನು, ಹೊಟ್ಟೆಕಿಚ್ಚಾಯ್ತು. ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಲೇಬಲ್‌ಗೆ ಈ ಚಿತ್ತಾರ ಹಾಕಣ ಅಂತಿದೀನಿ, ಹಾಕ್ಬೋದಾ?

ಚೊಗರುಕೈ:
ನಂದು ಬಟ್ಟೆ. ಹೆಗ್ಗೋಡಿನ ಹತ್ರ ಭೀಮನಕೋಣೇಲಿ 'ಚರಕ' ಅಂತ ಹೆಂಗಸ್ರ ಕೈಮಗ್ಗ ಸಹಕಾರ ಸಂಘ ಇದ್ಯಲ್ಲ, ಅಲ್ಲಿ ಒಂದು ಕುರ್ತಾ ತಗೊಂಡೆ, ಕೈಮಗ್ಗದ್ದು, ಅಡಿಕೆ ಚೊಗರಿನ ಬಣ್ಣ. ಚೊಗರು ಗೊತ್ತಲ್ಲ, ಸುಲಿದ ಅಡಿಕೆ ಬೇಯಿಸಿ ಬೇಯಿಸಿ ಹಂಡೇಲಿ ಗಟ್ಟಿಯಾಗಿ ಉಳಿಯೋ ಕೆಂಪು ರಸ. ಚಿಕ್ಕವರಿದ್ದಾಗ ಅದು ಅಂಗಿಗೆ ಸಿಡಿದ್ರೆ ಅಜ್ಜಿ ಬೆನ್ನಿಗೆ ಎರಡು ಬಿಡ್ತಿದ್ರು, ಯಾಕಂದ್ರೆ ಆ ಕಲೆ ಯಾವ ಸೋಪಿಗೂ ಹೋಗಲ್ಲ, ಈಗ ನೋಡಿದ್ರೆ ಹೋಗದೇ ಇರೋ ಆ ಒಗರನ್ನೇ ಬಣ್ಣ ಮಾಡಿ ಊರ ಹೆಂಗಸ್ರು ದುಡೀತಿದಾರೆ, ನಾವು ದುಡ್ಡು ಕೊಟ್ಟು ತಗೋತೀವಿ. ಇದೇ ರಸಕ್ಕೆ ಕಬ್ಬಿಣದ ಅಂಶ ಸೇರಿದ್ರೆ ಕಂದು ಹೋಗಿ ಮಳೆಮೋಡದ ತರ ಕಪ್ಪಾಗುತ್ತೆ. ಎರಡೂ ಇಟ್ಟು ನೋಡಿದ್ರೆ ಒಂದೇ ಹಂಡೆಯದ್ದು ಅಂತ ನಂಬಕ್ಕಾಗಲ್ಲ. ಹೆಗ್ಗೋಡಿಗೆ ನೀನಾಸಂ ನಾಟಕ ನೋಡಕ್ಕೆ ಹೋದ್ರೆ ಹಂಗೇ ಒಂದು ಸುತ್ತು ಹಾಕಿ ಬನ್ನಿ.

ಸೊರಬದವಳು:
@ತುಂಗೆದಂಡೆ ಅಣ್ಣಾ, ಲೇಬಲ್ ವಿಷ್ಯಕ್ಕೆ ಬರ್ತೀನಿ, ಬೇಜಾರಾಗ್ಬೇಡಿ. ಅದು ಸುಮ್ನೆ ಪ್ಯಾಟರ್ನ್ ಅಲ್ಲ, ನಮ್ಮ ದೀವರ ಸಮುದಾಯದ ಮನೆ ಹೆಂಗಸ್ರ ಕೈಕೆಲ್ಸ. ಮದುವೇಲಿ ಹಸೆಗೋಡೆ ಮೇಲೆ ಬರೆಯೋದು, ಗಂಡು ಹೆಣ್ಣು ಅದ್ರ ಮುಂದೆ ಕೂರೋದು. ಕಪ್ಪಿಗೆ ಅಕ್ಕಿ ಹುರಿದು ಕರಿ ಮಾಡ್ತಾರೆ, ಹಳದಿಗೆ ಗುರಿಗೆ ಕಾಯಿ. ಅದನ್ನ ಮೊಬೈಲಲ್ಲಿ ಫೋಟೋ ಹೊಡ್ದು ಟ್ರೇಸ್ ಮಾಡಿ ಬಾಟ್ಲಿಗೆ ಅಂಟಿಸಿದ್ರೆ ಗೆರೆ ಬರುತ್ತೆ, ಬರೆದವರಿಗೆ ಒಂದು ಪೈಸೆ ಬರಲ್ಲ. ಬರೆಯೋರು ಈಗ್ಲೂ ಇದಾರೆ, ದುಡ್ಡು ಕೊಟ್ಟು ಬರೆಸಿ, ಬಾಟ್ಲಿ ಮೇಲೆ ಅವರ ಹೆಸರೂ ಹಾಕಿ.

ಹೊಳೆಬದಿ ಹುಡುಗ:
ಸಿನಿಮಾ ಯಾರೂ ಹೇಳ್ಲಿಲ್ವಾ? ನಾನು 'ಘಟಶ್ರಾದ್ಧ' ನೋಡ್ದೆ. 1977ರದ್ದು, ನಮ್ಮ ತೀರ್ಥಹಳ್ಳಿ ತಾಲ್ಲೂಕು ಕೆಸಲೂರಿನ ಗಿರೀಶ್ ಕಾಸರವಳ್ಳಿ ಅವರ ಮೊದಲ್ನೇ ಚಿತ್ರ, ಮೊದಲ್ನೇದಕ್ಕೇ ಸ್ವರ್ಣಕಮಲ, ಅಂದ್ರೆ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ. ಹಳೇ ಪ್ರಿಂಟ್ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರಲ್ಲ, ಆ ಸುದ್ದಿ ನೆನಪಾಗಿ ಹುಡುಕಿದ್ದು. ಈಗ ಮಲೆನಾಡು ಅಂದ್ರೆ ಡ್ರೋನ್ ಹಾರ್ಸು, ಹಸಿರು ತೋರ್ಸು, ಮುಗೀತು. ಇದ್ರಲ್ಲಿ ಹಸಿರೇ ಇಲ್ಲ, ಪೂರ್ತಿ ಕಪ್ಪು ಬಿಳುಪು, ಆದ್ರೂ ಆ ಮನೆ ಒಳಗಿನ ಕತ್ತಲೆ ನಮ್ಮ ಹಳೇ ಮನೆ ನಡುಮನೇದೇ ಅನ್ಸುತ್ತೆ. ವಿಧವೆ ಯಮುನಕ್ಕನ ಪಾಡು ಪೂರಾ ಅವಳ ಮನೇಲಿ ವೇದ ಕಲಿಯಕ್ಕೆ ಬಂದ ಹುಡುಗನ ಕಣ್ಣಲ್ಲೇ ತೋರಿಸ್ತಾರೆ, ಅವನಿಗೆ ಅರ್ಧ ಅರ್ಥ ಆಗಲ್ಲ, ಅದೇ ಜಾಸ್ತಿ ಹೊಟ್ಟೆ ಕಿವುಚುತ್ತೆ. ರಾತ್ರಿ ಒಬ್ರೇ ನೋಡ್ಬೇಡಿ.

ಗೊರಬು:
ಓದಿದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ಎರಡನೇ ಸಲ. ಕಾಲೇಜಲ್ಲಿ ಓದಿದಾಗ ಕತೆ ಹಿಡಿದು ಓಡಿದ್ದೆ. ಈ ಸಲ ನಾಯಿಗುತ್ತಿ ಮತ್ತೆ ಅವನ ನಾಯಿ 'ಹುಲಿಯ' ಇಬ್ರ ಹಿಂದೇನೇ ನಿಧಾನಕ್ಕೆ ಕಾಡು ಸುತ್ತಿದೆ, ಅಷ್ಟೇ ಸಾಕಾಯ್ತು. ಫ್ಯಾಷನ್ ಕೇಳಿದ್ರೆ, ಮಳೇಲಿ ತಲೆ ಮೇಲಿಂದ ಹೊದೆಯೋ ನಮ್ಮ ಕಂಬಳಿ ಕೊಪ್ಪೆ ಮುಂದೆ ಯಾವ ರೈನ್‌ಕೋಟೂ ಇಲ್ಲ ಹೋಗ್ರಿ.

ತುಂಗೆದಂಡೆ:
@ಸೊರಬದವಳು ಸರಿ ತಂಗಿ, ಟ್ರೇಸ್ ಕೈಬಿಟ್ಟೆ. ಬರೆಯೋರು ನಿಮ್ಮ ಕಡೆ ಯಾರಾದ್ರೂ ಇದ್ರೆ ಮೆಸೇಜ್ ಹಾಕಿ, ರೇಟು ಅವರೇ ಹೇಳ್ಲಿ. ಅಮ್ಮ ಒಂದು ಭರಣಿ ಮಿಡಿನೂ ಕಳಿಸ್ತಾರಂತೆ.