ಮೊದಲ ವಾಹ್ ಪೆಡಲ್: ಕಾಲು ಓಡ್ತಿದೆ, ಸ್ವರ ಮಾತಾಡ್ತಿಲ್ಲ

ದಾವಣಗೆರೆ ಗಿಟಾರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸ್ತಿದೀನಿ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಎಲ್ಲ ಕಡೆ ಸದ್ದನ್ನ ಒಡೆಯೋ ಒಂದು ಡಿಸ್ಟಾರ್ಷನ್ ಪೆಡಲ್, ಪ್ರತಿಧ್ವನಿ ಕೊಡೋ ಒಂದು ಡಿಲೇ ಪೆಡಲ್ ಇಟ್ಕೊಂಡೇ ಕೆಲಸ ನಡೆಸಿದೀನಿ. ಕಾಲಲ್ಲಿ ಹಲಗೆ ಅಲ್ಲಾಡಿಸಿ ಗಿಟಾರನ್ನ "ವಾ ವಾ" ಅನ್ನಿಸೋ ವಾಹ್ ಪೆಡಲ್ ಬೇಕು ಅನ್ನೋ ಆಸೆ ಮಾತ್ರ ಕಾಲೇಜು ದಿನಗಳಿಂದ ಇತ್ತು. ಈ ವಾರ ಸೆಕೆಂಡ್ ಹ್ಯಾಂಡಲ್ಲಿ ಕ್ರೈ ಬೇಬಿ ಅನ್ನೋ ವಾಹ್ ಒಂದು ಸಿಕ್ತು, ಜಿಸಿಬಿ95 ಮಾಡೆಲ್. ಎತ್ತಿದರೆ ಇಸ್ತ್ರಿ ಪೆಟ್ಟಿಗೆ ಎತ್ತಿದ ಹಾಗೆ ತೂಕ.

ರಾತ್ರಿ ಊಟ ಮುಗಿಸಿ ಹಾಲ್‌ನಲ್ಲಿ ಕೂತು ಹಾಕಿದೆ. ಆನ್ ಆಗಿದೆಯೋ ಇಲ್ಲವೋ ತೋರಿಸೋಕೆ ಲೈಟೇ ಇಲ್ಲ. ಹತ್ತು ನಿಮಿಷ ಆದಮೇಲೆ, ಎದ್ದು ನಿಂತು ಮುಂಗಾಲಲ್ಲಿ ಮೈಭಾರ ಬಿಟ್ಟು ತುಳಿದಾಗ ಟಕ್ ಅಂತು, ಸದ್ದು ಬದಲಾಯ್ತು. ಆ ಕ್ಷಣ ಮೈ ಜುಮ್ ಅಂದಿದ್ದು ನಿಜ. ಆದರೆ ನುಡಿಸೋಕೆ ಶುರು ಮಾಡಿದ ಮೇಲೆ ಕಾಲು ತಾನಾಗೇ ತಾಳಕ್ಕೆ ಮೇಲೆ ಕೆಳಗೆ ಓಡ್ತದೆ, ನಿಲ್ಲಿಸೋಕೇ ಆಗ್ತಿಲ್ಲ. ಪಕ್ಕದಲ್ಲಿ ಓದ್ತಾ ಕೂತಿದ್ದ ಮಗಳು, "ಅಪ್ಪಾ, ಯಾವ ಸ್ವರ ನುಡಿಸಿದ್ರೂ ಒಂದೇ ಥರ ಕೇಳ್ತಿದೆ" ಅಂದಳು. ಅವಳು ಹೇಳಿದ್ದು ಸರಿ.

ಡಿಸ್ಟಾರ್ಷನ್‌ಗಿಂತ ಮುಂಚೆ ಹಾಕಬೇಕಾ, ಆಮೇಲಾ? ಕಾಲನ್ನ ಹೇಗೆ ಪಳಗಿಸೋದು? ಇನ್ನೊಂದು, ಹೊಸ ಬ್ಯಾಟರಿ ಹಾಕಿದ್ದೆ, ಎರಡೇ ದಿನಕ್ಕೆ ಸತ್ತುಹೋಯ್ತು.

ಬೆಸುಗೆ ಕಡ್ಡಿ, ಬೆಂಗಳೂರು:

ಬ್ಯಾಟರಿ ವಿಷಯ ಮೊದಲು. ಇನ್‌ಪುಟ್ ಜ್ಯಾಕ್‌ಗೆ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಸರ್ಕ್ಯೂಟಿಗೆ ಸೇರುತ್ತೆ. ಮುಂಗಾಲಿನ ಸ್ವಿಚ್ ಆಫ್ ಇದ್ದರೂ ಕರೆಂಟು ಹರೀತಾನೇ ಇರುತ್ತೆ. ನೀವು ರಾತ್ರಿಯಿಡೀ ಕೇಬಲ್ ಬಿಟ್ಟಿರ್ತೀರಿ. ನುಡಿಸಿ ಮುಗಿದ ಮೇಲೆ ಗಿಟಾರಿನಿಂದ ಬರೋ ಕೇಬಲ್ಲನ್ನ ಪೆಡಲ್‌ನ ಇನ್‌ಪುಟ್‌ನಿಂದ ಕಿತ್ತಿಡಿ. ಅಡಾಪ್ಟರ್ ತಗೊಳ್ಳೋದಾದರೆ 9 ವೋಲ್ಟ್, ಸೆಂಟರ್ ನೆಗೆಟಿವ್, ಅಂದ್ರೆ ಪಿನ್ನಿನ ನಡುಭಾಗ ಮೈನಸ್. ಮನೇಲಿ ಬಿದ್ದಿರೋ ಯಾವುದೋ ಅಡಾಪ್ಟರ್ ಚುಚ್ಚಬೇಡಿ, ಅದರ ಮೇಲಿನ ಗುರುತು ನೋಡಿ.

ಸಾಲಿನಲ್ಲಿ ಗಿಟಾರ್, ವಾಹ್, ಡಿಸ್ಟಾರ್ಷನ್, ಕೊನೆಗೆ ಡಿಲೇ. ವಾಹ್ ಒಳಗೆ ಇರೋದು ಒಂದು ಫಿಲ್ಟರ್, ಸದ್ದಿನ ಒಂದು ಭಾಗವನ್ನ ಮಾತ್ರ ಉಬ್ಬಿಸೋದು. ಹಲಗೆ ಅಲ್ಲಾಡಿದರೆ ಹಲ್ಲಿನ ಪಟ್ಟಿ 100ಕೆ ಪಾಟ್ (ವಾಲ್ಯೂಮ್ ತಿರುಗಣೆ ಥರದ್ದು) ಒಂದನ್ನ ತಿರುಗಿಸುತ್ತೆ, ಸುಮಾರು 400 ಹರ್ಟ್ಸ್‌ನಿಂದ 2000 ಹರ್ಟ್ಸ್‌ವರೆಗೆ ಒಂದು ಉಬ್ಬು ಓಡಾಡುತ್ತೆ. ವಾಹ್ ಮುಂಚೆ ಇದ್ದರೆ ಆ ಉಬ್ಬಿದ ಭಾಗವೇ ಡಿಸ್ಟಾರ್ಷನ್‌ಗೆ ಹೆಚ್ಚು ಜೋರಾಗಿ ಹೋಗುತ್ತೆ, ಸ್ವರ ಹಾಡಿದ ಹಾಗಿರುತ್ತೆ. ಆಮೇಲೆ ಹಾಕಿದರೆ ಡಿಸ್ಟಾರ್ಷನ್ನಿನ ಇಡೀ ಸದ್ದನ್ನೇ ಅದು ಬಾಚುತ್ತೆ, ತುಂಬಾ ಒರಟು. ಎರಡನ್ನೂ ಒಂದು ಸಲ ಕೇಳಿ, ನಿಮ್ಮ ಕಿವಿಗೇ ಗೊತ್ತಾಗುತ್ತೆ.

ಮೈಸೂರು ಮೋರ್ಸಿಂಗ್:

ಅಣ್ಣಾ, ನಮ್ಮ ತಂದೆ ಕಛೇರಿಗಳಲ್ಲಿ ಮೋರ್ಸಿಂಗ್ ನುಡಿಸ್ತಿದ್ದರು. ನಂಗೆ ವಾಹ್ ಅರ್ಥ ಆಗಿದ್ದು ಅದರಿಂದಲೇ. ಮೋರ್ಸಿಂಗ್‌ನ ನಾಲಿಗೆ ಮಿಡಿದರೆ ಶ್ರುತಿ ಒಂದೇ, ಬದಲಾಗೋದು ಬಾಯಿಯ ಆಕಾರ. ಹೊರಗೆ ಬರೋ ಬಣ್ಣ ಅದರಿಂದ. ವಾಹ್ ಕೂಡ ಗಿಟಾರಿಗೆ ಕೊಟ್ಟ ಬಾಯಿ ಅಂತಲೇ ನಾನು ತಿಳ್ಕೊಂಡಿದೀನಿ. 1967ರಲ್ಲಿ ವಾಕ್ಸ್ ಕಂಪನಿ ಹೆಸರಲ್ಲಿ ವಾಹ್ ಮಾರಾಟಕ್ಕೆ ಬಂದಾಗ ಅದಕ್ಕೆ ಕ್ಲೈಡ್ ಮೆಕಾಯ್ ಅನ್ನೋ ಟ್ರಂಪೆಟ್ ವಾದಕರ ಹೆಸರಿತ್ತು. ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಿಡಿದು ತೆಗೆದು "ವಾ ವಾ" ಅನ್ನಿಸೋದರಲ್ಲಿ ಅವರು ಹೆಸರಾದವರು.

ಹಾಗಾಗಿ ತಾಳ ಬಿಟ್ಟು ಅಕ್ಷರ ಹಿಡೀರಿ. ಬ್ರಿಜ್ ಪಿಕಪ್ (ತಂತಿಗಳ ಬುಡದ ಹತ್ತಿರದ್ದು) ಹಾಕಿ, ಸ್ವಲ್ಪ ಡಿಸ್ಟಾರ್ಷನ್ ಇರಲಿ, ಎರಡನೇ ತಂತಿಯ ಎಂಟನೇ ಫ್ರೆಟ್‌ನಲ್ಲಿ ಒಂದೇ ಸ್ವರ ಎಳೆಯಿರಿ. ಹಿಮ್ಮಡಿ ಪೂರ್ತಿ ಕೆಳಗೆ: ಊ. ನಿಧಾನವಾಗಿ ಮುಂಗಾಲು ಇಳಿಸಿ: ಓ, ಆ, ಏ. ಪೂರ್ತಿ ಮುಂದಕ್ಕೆ: ಈ. ಬಾಯಲ್ಲಿ ಗಟ್ಟಿಯಾಗಿ ಹೇಳ್ತಾ ಮಾಡಿ, ಸಂಕೋಚ ಬೇಡ. ಬಾಯಿ ಎಲ್ಲಿ ನಿಲ್ಲುತ್ತೋ ಕಾಲೂ ಅಲ್ಲೇ ನಿಲ್ಲಬೇಕು. ಎರಡು ದಿನ ಆದಮೇಲೆ ಎರಡು ಸ್ವರ ತಗೊಳ್ಳಿ, ಒಂದಕ್ಕೆ ಓ, ಇನ್ನೊಂದಕ್ಕೆ ಆ. ಕಾಲು ಪೂರ್ತಿ ತುದಿಯಿಂದ ತುದಿಗೆ ಹೋಗೋದು ಬಹಳ ಅಪರೂಪಕ್ಕೆ ಮಾತ್ರ ಬೇಕಾಗೋದು ಅಂತ ಆಗ ಗೊತ್ತಾಗುತ್ತೆ.

ಶಿವಮೊಗ್ಗ ರಿದಮ್:

ಮೈಸೂರಿನವರು ಹೇಳಿದ್ದು ಲೀಡ್‌ಗೆ ಸರಿ. ಆದರೆ ತಾಳಕ್ಕೆ ಕಾಲು ಓಡೋದು ತಪ್ಪೇ ಅಂದ್ಕೋಬೇಡಿ ಸರ್. ಎಡಗೈಯಿಂದ ಆರೂ ತಂತಿ ಮುಚ್ಚಿ, ಬಲಗೈ ಮಾತ್ರ ಚಕಚಕ ಅಂತ ಓಡಿಸಿ, ಕಾಲನ್ನ ಪೆಟ್ಟಿಗೊಂದು ಸಲ ಮುಂದಕ್ಕೆ ತನ್ನಿ. ನಾನಂತೂ ಇದರಿಂದಲೇ ಶುರು ಮಾಡಿದ್ದು. ಕೈ ನಾಲ್ಕು ಸಲ, ಕಾಲು ಒಂದು ಸಲ, ಅಷ್ಟು ಬೇರೆ ಆದರೆ ಕಾಲು ನಿಮ್ಮ ಮಾತು ಕೇಳೋಕೆ ಶುರುವಾಗುತ್ತೆ.

ಮತ್ತೆ ನೀವು ಬರಿಗಾಲಲ್ಲಿ, ಕೂತು ನುಡಿಸ್ತಿದೀರಿ ಅನ್ನಿಸ್ತು. ಸ್ಟೇಜಿಗೆ ಹಾಕೋ ಶೂ ಹಾಕ್ಕೊಂಡು, ನಿಂತು ಅಭ್ಯಾಸ ಮಾಡಿ. ಭಾರ ಇನ್ನೊಂದು ಕಾಲಮೇಲಿರಲಿ. ಬರಿಗಾಲಿಗೆ ಸಿಕ್ಕ ಅಳತೆ ಶೂ ಹಾಕಿದ ಕೂಡಲೇ ತಪ್ಪುತ್ತೆ, ನಂಗೆ ಮೊದಲ ಪ್ರೋಗ್ರಾಂನಲ್ಲೇ ಹಾಗಾಯ್ತು. ಹಾಡಿನ ಮಧ್ಯೆ ಆಫ್ ಮಾಡೋಕೆ ತುಳಿದೆ, ಆಫ್ ಆಗ್ಲಿಲ್ಲ, ಇಡೀ ಚರಣ ಕೀರಲು ಸದ್ದಲ್ಲೇ ಮುಗೀತು.

ದಾವಣಗೆರೆ ಗಿಟಾರ್:

ಐದು ದಿನ ಆಯ್ತು, ಮೂವರಿಗೂ ಕೈ ಮುಗೀತೀನಿ. ಕೇಬಲ್ ಕಿತ್ತಿಡ್ತಿದೀನಿ, ಬ್ಯಾಟರಿ ಇನ್ನೂ ಜೀವಂತ ಇದೆ. ಡಿಸ್ಟಾರ್ಷನ್‌ಗಿಂತ ಮುಂಚೆಯೇ ಇಟ್ಟೆ. ಆಮೇಲೆ ಇಟ್ಟಾಗ ನಮ್ಮ ಸಿಂಗರ್ ದನಿ ಮೇಲೇ ಬಂದು ಕೂರುತ್ತೆ.

ಶೂ ಹಾಕ್ಕೊಂಡು ಹಾಲ್‌ನಲ್ಲಿ ನಿಂತೆ, ಹೆಂಡತಿ ಕಡೆಯಿಂದ ಒಪ್ಪಿಗೆ ತಗೊಂಡೇ. ಊ ಓ ಆ ಹೇಳ್ತಾ ಹೇಳ್ತಾ ಮೂರನೇ ದಿನ ಒಂದು ಜಾಗ ಸಿಕ್ತು, ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಓ ಮತ್ತು ಆ ನಡುವೆ. ಅಲ್ಲಿ ಕಾಲು ಹಾಗೇ ನಿಲ್ಲಿಸಿ ಒಂದು ಸ್ವರ ಎಳೆದರೆ ಯಾರೋ ಮೂಗಿಂದ ಹಾಡ್ತಾ ಇದಾರೆ ಅನ್ನಿಸುತ್ತೆ. ಮಗಳು ಪುಸ್ತಕ ಕೆಳಗಿಟ್ಟು, "ಇದು ಚೆನ್ನಾಗಿದೆ, ಇನ್ನೊಂದು ಸಲ" ಅಂದಳು. ಪೆಡಲ್ ಪಕ್ಕಕ್ಕೆ ಬಿಳಿ ಟೇಪ್ ಅಂಟಿಸಿ ಆ ಜಾಗಕ್ಕೆ ಗೆರೆ ಎಳೆದಿದೀನಿ.

ಶನಿವಾರ ಹರಿಹರದಲ್ಲಿ ಪ್ರೋಗ್ರಾಂ ಇದೆ. ಒಂದೇ ಹಾಡಿಗೆ, ಎರಡನೇ ಚರಣಕ್ಕೆ ಮುಂಚೆ ಬರೋ ವಾದ್ಯದ ಬಿಟ್‌ಗೆ ಮಾತ್ರ ಹಾಕ್ತೀನಿ. ಚಕಚಕ ಇನ್ನೂ ಕೂಡಿ ಬಂದಿಲ್ಲ ಮೇಡಂ, ಕೈ ಜೊತೆಗೇ ಕಾಲೂ ನಾಲ್ಕು ಸಲ ಓಡ್ತದೆ. ಅದಕ್ಕೆ ಎಷ್ಟು ನಿಧಾನದಿಂದ ಶುರು ಮಾಡ್ಲಿ?

ಶಿವಮೊಗ್ಗ ರಿದಮ್:

ಮೆಟ್ರೋನೋಮ್ 60ಕ್ಕೆ ಇಡಿ, ಅಂದ್ರೆ ನಿಮಿಷಕ್ಕೆ 60 ಪೆಟ್ಟು. ಮೊದಲ ಎರಡು ದಿನ ಗಿಟಾರ್ ಮುಟ್ಟಬೇಡಿ, ಕಾಲು ಮಾತ್ರ.